ಹುಲ್ಲುಗಾವಲಿನಲ್ಲಿ ಎಲ್ಕ್ ಹಾವಳಿ ಮತ್ತು ಅದರ ನಿರ್ವಹಣೆ

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿ, ರಾಕಿ ಪರ್ವತಗಳ ತಪ್ಪಲಿನಲ್ಲಿ ದನ ಸಾಕುವ ರೈತರಿಗೆ ಚಳಿಗಾಲವೆಂದರೆ ಖರ್ಚಿನ ಕಾಲ. ತಿಂಗಳುಗಟ್ಟಲೆ ಹುಲ್ಲುಗಾವಲು ಹಿಮದಡಿಯಲ್ಲಿ ಮುಚ್ಚಿಹೋಗಿರುತ್ತದೆ. ಬೇಸಿಗೆಯಲ್ಲಿ ಕೊಯ್ದು, ಒಣಗಿಸಿ, ಬಣವೆ ಒಟ್ಟಿದ ಹುಲ್ಲಿನಿಂದಲೇ ಹಿಂಡನ್ನು ಉಳಿಸಿಕೊಳ್ಳಬೇಕು. ಇಂಥ ಕಾಲದಲ್ಲಿ ಬೆಟ್ಟದ ಮೇಲಿನಿಂದ ಇನ್ನೂರು ಎಲ್ಕ್ ಜಿಂಕೆಗಳು ಇಳಿದು ಬಂದು ಬಣವೆಗೆ ಮುತ್ತಿಗೆ ಹಾಕಿದವೆಂದು ಭಾವಿಸೋಣ. ಒಂದೊಂದು ಪ್ರಾಣಿ ರಾತ್ರಿಗೆ ಐದು ಕಿಲೋ ತಿಂದರೂ ಒಂದು ಟನ್ ಹುಲ್ಲು ಮುಗಿಯುತ್ತದೆ. ಒಂದು ತಿಂಗಳು ಇದೇ ನಡೆದರೆ 30 ಟನ್. ತುಳಿದು, ಮೂತ್ರ ಮಾಡಿ ಕೆಡಿಸುವ ಹುಲ್ಲು ಇದರ ಲೆಕ್ಕಕ್ಕೆ ಸೇರಿಲ್ಲ.

ಹುಲ್ಲಿನ ನಷ್ಟ ಕಣ್ಣಿಗೆ ಕಾಣುವಂಥದು. ಕಣ್ಣಿಗೆ ಕಾಣದ ಇನ್ನೊಂದು ನಷ್ಟವಿದೆ. ಎಲ್ಕ್‌ನಿಂದ ದನಗಳಿಗೆ ಕಂದು ಹಾಕುವ ರೋಗ ಅಂಟಿದರೆ ಇಡೀ ಹಿಂಡಿನ ಮಾರಾಟವೇ ನಿಂತುಹೋಗುತ್ತದೆ. ಎರಡು ತಲೆಮಾರು ಕಷ್ಟಪಟ್ಟು ಬೆಳೆಸಿದ ತಳಿ ಕಸಾಯಿಖಾನೆಗೆ ಹೋದ ನಿದರ್ಶನಗಳಿವೆ. ಆದರೂ ಎಲ್ಕ್ ಅನ್ನು ನಾಶಮಾಡಬೇಕೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಅದು ಆ ನಾಡಿನ ಹೆಮ್ಮೆಯ ಪ್ರಾಣಿ. ಬೇಟೆಗಾರರಿಗೂ ಪ್ರವಾಸಿಗರಿಗೂ ಬೇಕಾದದ್ದು. ಹೀಗೆ ಊರಿಗೆಲ್ಲ ಬೇಕಾದ ಪ್ರಾಣಿಯನ್ನು ತನ್ನ ಹುಲ್ಲಿನಿಂದ ಸಾಕಬೇಕಾದ ರೈತನ ಸಂಕಟವನ್ನು ಪರಿಹರಿಸಲು ನೂರಕ್ಕೂ ಹೆಚ್ಚು ವರ್ಷಗಳಿಂದ ಪ್ರಯತ್ನಗಳು ನಡೆದಿವೆ. ಅವುಗಳಲ್ಲಿ ಕೆಲವು ಫಲಿಸಿದವು, ಕೆಲವು ಹೊಸ ತೊಂದರೆಯನ್ನೇ ತಂದವು. ಎರಡನ್ನೂ ತಿಳಿಯುವುದು ಉಪಯುಕ್ತ.

ಎಲ್ಕ್ ಎಂಥ ಪ್ರಾಣಿ?

ಎಲ್ಕ್ ಜಿಂಕೆಯ ಕುಟುಂಬಕ್ಕೆ ಸೇರಿದ ದೊಡ್ಡ ಪ್ರಾಣಿ. ನಮ್ಮ ಕಾಡುಗಳ ಕಡವೆಯನ್ನು ನೋಡಿದವರು ಅದರ ಆಕಾರವನ್ನು ಊಹಿಸಿಕೊಳ್ಳಬಹುದು. ಆದರೆ ಗಾತ್ರದಲ್ಲಿ ಎಲ್ಕ್ ಇನ್ನೂ ದೊಡ್ಡದು. ಬಲಿತ ಗಂಡು ಸುಮಾರು 300 ಕಿಲೋ, ಹೆಣ್ಣು ಸುಮಾರು 225 ಕಿಲೋ ತೂಗುತ್ತದೆ. ಗಂಡಿಗೆ ಮಾತ್ರ ಕವಲೊಡೆದ ಕೊಂಬುಗಳಿದ್ದು, ಅವು ಪ್ರತಿ ವರ್ಷ ಉದುರಿ ಮತ್ತೆ ಬೆಳೆಯುತ್ತವೆ. ಅಲ್ಲಿನ ಮೂಲನಿವಾಸಿಗಳ ಭಾಷೆಯಿಂದ ಬಂದ 'ವಾಪಿಟಿ' ಎಂಬ ಹೆಸರೂ ಇದಕ್ಕಿದೆ. ಬಿಳಿಯ ಪೃಷ್ಠದ ಪ್ರಾಣಿ ಎಂದು ಅದರ ಅರ್ಥ.

ಸೆಪ್ಟೆಂಬರ್ ತಿಂಗಳು ಇವುಗಳಿಗೆ ಬೆದೆಯ ಕಾಲ. ಎಂಟು ತಿಂಗಳಿಗೂ ಮಿಕ್ಕಿ ಗರ್ಭ ಧರಿಸಿ ಮೇ ಕೊನೆ ಅಥವಾ ಜೂನ್‌ನಲ್ಲಿ ಒಂದು ಮರಿ ಹಾಕುತ್ತವೆ. ಬೇಸಿಗೆಯನ್ನು ಎತ್ತರದ ಬೆಟ್ಟಗಳಲ್ಲಿ ಕಳೆದು, ಹಿಮ ಬೀಳುತ್ತಿದ್ದಂತೆ ನೂರಾರು ಸಂಖ್ಯೆಯ ಹಿಂಡುಗಳಾಗಿ ಕಣಿವೆಗೆ ಇಳಿಯುತ್ತವೆ.

ಪಶುಪಾಲಕರಿಗೆ ಮುಖ್ಯವಾದ ಸಂಗತಿ ಇವುಗಳ ಆಹಾರ. ಜಿಂಕೆಯ ಜಾತಿಯಲ್ಲಿ ಹಲವು ಪ್ರಾಣಿಗಳು ಚಿಗುರು, ಸೊಪ್ಪುಗಳನ್ನೇ ಹೆಚ್ಚಾಗಿ ತಿನ್ನುತ್ತವೆ. ಎಲ್ಕ್ ಹಾಗಲ್ಲ. ಸಿಕ್ಕಿದರೆ ಹುಲ್ಲನ್ನೇ ಮೇಯುತ್ತದೆ. ಸಿಗದಿದ್ದರೆ ಪೊದೆ, ತೊಗಟೆಗಳಿಂದಲೂ ಹೊಟ್ಟೆ ಹೊರೆಯುತ್ತದೆ. ಆದ್ದರಿಂದ ದನ ಮೇಯುವ ಹುಲ್ಲಿಗೆ ಇದು ನೇರ ಪಾಲುದಾರ. ಸ್ಥೂಲವಾಗಿ ಎರಡು ಎಲ್ಕ್‌ಗಳು ಒಂದು ಹಸುವಿನಷ್ಟು ಮೇಯುತ್ತವೆಂದು ಲೆಕ್ಕ ಹಾಕುತ್ತಾರೆ.

ತಕರಾರಿನ ಮೂಲ

ಯೂರೋಪಿಯನ್ನರು ಬಂದು ನೆಲೆಸುವ ಮೊದಲು ಉತ್ತರ ಅಮೆರಿಕದಲ್ಲಿ ಸುಮಾರು ಒಂದು ಕೋಟಿ ಎಲ್ಕ್‌ಗಳಿದ್ದುವೆಂದು ಅಂದಾಜು. ಮಿತಿಯಿಲ್ಲದ ಬೇಟೆಯಿಂದಾಗಿ 1900ರ ನಂತರದ ಮೊದಲ ದಶಕದ ವೇಳೆಗೆ ಅವು ಒಂದು ಲಕ್ಷಕ್ಕಿಂತ ಕಡಿಮೆಯಾದವು. 1872ರಲ್ಲಿ ಸ್ಥಾಪನೆಯಾದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಅವು ಉಳಿದುಕೊಂಡ ಕೆಲವೇ ತಾಣಗಳಲ್ಲಿ ಒಂದು. ಬೇಟೆಯ ಕಾನೂನುಗಳು ಬಿಗಿಯಾದ ಮೇಲೆ ಸಂಖ್ಯೆ ಮತ್ತೆ ಏರಿ, ಈಗ ಸುಮಾರು ಹತ್ತು ಲಕ್ಷದಷ್ಟಿವೆ.

ಆದರೆ ಈ ನಡುವೆ ನೆಲದ ಒಡೆತನ ಬದಲಾಗಿತ್ತು. ಎತ್ತರದ ಬೆಟ್ಟ ಮತ್ತು ಕಾಡು ಸರ್ಕಾರದ ಪಾಲಿಗೆ ಉಳಿಯಿತು. ನೀರು, ಒಳ್ಳೆಯ ಮಣ್ಣು, ಕಡಿಮೆ ಹಿಮ ಇರುವ ಕಣಿವೆಗಳಲ್ಲಿ ರೈತರು ನೆಲೆಸಿದರು. ಎಲ್ಕ್‌ಗಳ ಚಳಿಗಾಲದ ಮೇವಿನ ನೆಲ ಇದೇ ಕಣಿವೆಗಳು. ಹೀಗಾಗಿ ಬೇಸಿಗೆಯಲ್ಲಿ ಸರ್ಕಾರದ ಬೆಟ್ಟದಲ್ಲಿರುವ ಎಲ್ಕ್ ಚಳಿಗಾಲದಲ್ಲಿ ರೈತನ ಹೊಲದಲ್ಲಿರುತ್ತದೆ. ಅದು ಹೊಸದಾಗಿ ಕಲಿತ ಕೆಟ್ಟ ಚಾಳಿಯಲ್ಲ. ಬೇಲಿ ಬರುವ ಮೊದಲೇ ಇದ್ದ ದಾರಿ.

ಕಾನೂನಿನ ಪ್ರಕಾರ ಅಲ್ಲಿ ಕಾಡುಪ್ರಾಣಿ ಜಮೀನಿನ ಒಡೆಯನದಲ್ಲ. ರಾಜ್ಯದ ಸಮಸ್ತ ಜನರ ಪರವಾಗಿ ಸರ್ಕಾರದ ವಶದಲ್ಲಿರುವಂಥದು. ತನ್ನ ಹುಲ್ಲು ತಿನ್ನುತ್ತಿದ್ದ ಎಲ್ಕ್ ಅನ್ನು ಕೊಂದ ಪ್ರಕರಣವೊಂದರಲ್ಲಿ 1940ರಲ್ಲಿ ಮೊಂಟಾನಾ ರಾಜ್ಯದ ಸುಪ್ರೀಂ ಕೋರ್ಟು ತೀರ್ಪು ನೀಡಿತು. ಕಾಡುಪ್ರಾಣಿಗಳಿರುವ ನಾಡಿನಲ್ಲಿ ಜಮೀನು ಕೊಳ್ಳುವವನು ಸ್ವಲ್ಪಮಟ್ಟಿನ ಹಾನಿಯನ್ನು ನಿರೀಕ್ಷಿಸಿಯೇ ಕೊಂಡಿರುತ್ತಾನೆ. ಆದರೆ ಬೇರೆ ಮಾರ್ಗವೇ ಇಲ್ಲದಾಗ ತನ್ನ ಆಸ್ತಿಯನ್ನು ಕಾಪಾಡಿಕೊಳ್ಳುವ ಹಕ್ಕು ಅವನಿಗಿದೆ ಎಂಬುದು ಅದರ ಸಾರಾಂಶ. ಎಷ್ಟರವರೆಗೆ ಸಹಿಸಬೇಕು, ಎಲ್ಲಿಂದ ಮುಂದೆ ಸಹಿಸಬೇಕಾಗಿಲ್ಲ ಎಂಬ ಪ್ರಶ್ನೆಯ ಸುತ್ತಲೇ ಇಂದಿಗೂ ಚರ್ಚೆ ನಡೆಯುತ್ತಿದೆ.

ಹಾನಿಯ ಬಗೆಗಳು

ಎಲ್ಕ್‌ನಿಂದಾಗುವ ಹಾನಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

1. ಬಣವೆಯ ಹಾನಿ: ಚಳಿಗಾಲಕ್ಕೆಂದು ಒಟ್ಟಿದ ಒಣಹುಲ್ಲು ಮತ್ತು ಕುದುರೆ ಮಸಾಲೆ ಮೇವನ್ನು ತಿಂದು, ತುಳಿದು ಹಾಳುಮಾಡುವುದು.

2. ಹುಲ್ಲುಗಾವಲಿನ ಹಾನಿ: ಹಿಮ ಕರಗಿದ ಕೂಡಲೇ ಬರುವ ಎಳೆಯ ಹುಲ್ಲನ್ನು ದನಗಳಿಗಿಂತ ಮೊದಲೇ ಮೇಯುವುದು. ಬುಡ ಬಲಿಯುವ ಮೊದಲೇ ಮೇಯ್ದ ಹುಲ್ಲು ಆ ವರ್ಷವಿಡೀ ಸೊರಗುತ್ತದೆ.

3. ಬೇಲಿಯ ಹಾನಿ: ಹಿಂಡು ದಾಟುವಾಗ ತಂತಿ ಹರಿಯುತ್ತದೆ, ಕಂಬಗಳು ಮುರಿಯುತ್ತವೆ. ಪ್ರತಿ ವಸಂತದಲ್ಲಿ ಬೇಲಿ ದುರಸ್ತಿಗೆ ಹಲವಾರು ದಿನಗಳ ಕೂಲಿ ಮೀಸಲಿಡಬೇಕಾಗುತ್ತದೆ.

4. ರೋಗ: ಇದೇ ಎಲ್ಲಕ್ಕಿಂತ ಗಂಭೀರವಾದದ್ದು. ಮೊದಲ ಮೂರು ಹಾನಿಗಳಿಗೆ ಬೆಲೆ ಕಟ್ಟಬಹುದು. ನಾಲ್ಕನೆಯದು ಕಸುಬನ್ನೇ ನಿಲ್ಲಿಸಬಲ್ಲದು.

ಕಂದು ಹಾಕುವ ರೋಗ

ಈ ರೋಗ ನಮ್ಮ ಪಶುಪಾಲಕರಿಗೂ ಅಪರಿಚಿತವಲ್ಲ. ಬ್ರುಸೆಲ್ಲಾ ಅಬಾರ್ಟಸ್ ಎಂಬ ಸೂಕ್ಷ್ಮಾಣುವಿನಿಂದ ಬರುವ ಇದನ್ನು ಬ್ರುಸೆಲ್ಲೋಸಿಸ್ ಎನ್ನುತ್ತಾರೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುವುದು, ಕಸ ಬೀಳದಿರುವುದು, ಮುಂದೆ ಗರ್ಭ ನಿಲ್ಲದಿರುವುದು ಇದರ ಮುಖ್ಯ ಲಕ್ಷಣಗಳು. ಹಾಕಿದ ಕಂದು, ಕಸ ಮತ್ತು ಸ್ರಾವದಲ್ಲಿ ರೋಗಾಣುಗಳು ಅಪಾರ ಸಂಖ್ಯೆಯಲ್ಲಿರುತ್ತವೆ. ಇನ್ನೊಂದು ಪ್ರಾಣಿ ಅದನ್ನು ಮೂಸಿದರೆ, ನೆಕ್ಕಿದರೆ, ಅದರಿಂದ ಮಲಿನವಾದ ಹುಲ್ಲು ತಿಂದರೆ ರೋಗ ಅಂಟುತ್ತದೆ. ಹಸಿ ಹಾಲು ಕುಡಿಯುವವರಿಗೂ ಹೆರಿಗೆ ಮಾಡಿಸುವವರಿಗೂ ತಗಲಿ, ಬಿಟ್ಟು ಬಿಟ್ಟು ಬರುವ ಜ್ವರ ಮತ್ತು ಕೀಲುನೋವಿನಿಂದ ಬಹುಕಾಲ ನರಳಿಸುತ್ತದೆ.

ಈ ರೋಗ ಅಮೆರಿಕದ ಕಾಡುಪ್ರಾಣಿಗಳಲ್ಲಿ ಮೊದಲಿನಿಂದ ಇದ್ದದ್ದಲ್ಲ. ಯೂರೋಪಿನಿಂದ ತಂದ ದನಗಳಿಂದ ಅವಕ್ಕೆ ಹರಡಿತು. ಯೆಲ್ಲೋಸ್ಟೋನ್‌ನ ಕಾಡೆಮ್ಮೆಗಳಾದ ಬೈಸನ್‌ಗಳಲ್ಲಿ ಅದು 1917ರಲ್ಲಿ ಕಂಡುಬಂತು. ದನಗಳಲ್ಲಿ ರೋಗವನ್ನು ನಿರ್ಮೂಲ ಮಾಡುವ ಕಾರ್ಯಕ್ರಮ 1934ರಲ್ಲಿ ಪ್ರಾರಂಭವಾಗಿ, ಪರೀಕ್ಷೆ, ಲಸಿಕೆ ಮತ್ತು ರೋಗಿ ದನಗಳ ವಿಲೇವಾರಿಯ ಮೂಲಕ ದಶಕಗಳ ಕಾಲ ನಡೆಯಿತು. ಇಂದು ದೇಶದ ಬೇರೆಡೆಯ ದನಗಳಲ್ಲಿ ಈ ರೋಗವಿಲ್ಲ. ಆದರೆ ಯೆಲ್ಲೋಸ್ಟೋನ್ ಸುತ್ತಲಿನ ಮೊಂಟಾನಾ, ವಯೋಮಿಂಗ್, ಐಡಹೋ ರಾಜ್ಯಗಳಲ್ಲಿ ಎಲ್ಕ್ ಮತ್ತು ಬೈಸನ್‌ಗಳಲ್ಲಿ ಉಳಿದುಕೊಂಡಿದೆ. ದನಗಳು ಕೊಟ್ಟ ರೋಗ ಈಗ ದನಗಳಿಗೇ ಹಿಂದಿರುಗುತ್ತಿದೆ.

ಬಹುಕಾಲ ಎಲ್ಲರ ಸಂಶಯ ಬೈಸನ್‌ಗಳ ಮೇಲಿತ್ತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 1998ರಿಂದೀಚೆಗೆ ಆ ಪ್ರದೇಶದ ಸಾಕುಹಿಂಡುಗಳಲ್ಲಿ ಕಂಡುಬಂದ ರೋಗದ ಮೂಲವೆಲ್ಲ ಎಲ್ಕ್‌ಗಳೇ ಆಗಿದ್ದವು. ಬೈಸನ್‌ಗಳನ್ನು ದನಗಳಿಂದ ದೂರವಿಡಲು ಕಾವಲಿತ್ತು. ಎಲ್ಲೆಡೆ ಓಡಾಡುವ ಎಲ್ಕ್‌ಗೆ ಅಂಥ ಕಾವಲಿರಲಿಲ್ಲ.

ಹಿಂದೆ ಒಂದು ರಾಜ್ಯದಲ್ಲಿ ಎರಡು ಹಿಂಡುಗಳಿಗೆ ರೋಗ ತಗಲಿದರೆ ಇಡೀ ರಾಜ್ಯವೇ 'ರೋಗಮುಕ್ತ' ಎಂಬ ಪಟ್ಟವನ್ನು ಕಳೆದುಕೊಂಡು, ಎಲ್ಲ ರೈತರೂ ದನ ಮಾರುವ ಮೊದಲು ಪರೀಕ್ಷೆ ಮಾಡಿಸಬೇಕಾಗುತ್ತಿತ್ತು. ವಯೋಮಿಂಗ್ 2004ರಲ್ಲಿ, ಐಡಹೋ 2006ರಲ್ಲಿ, ಮೊಂಟಾನಾ 2008ರಲ್ಲಿ ಈ ಪಟ್ಟ ಕಳೆದುಕೊಂಡಿದ್ದವು. 2010ರಲ್ಲಿ ಈ ನಿಯಮ ಬದಲಾಯಿತು. ಈಗ ಯೆಲ್ಲೋಸ್ಟೋನ್ ಸುತ್ತಲಿನ ಅಪಾಯದ ಪ್ರದೇಶವನ್ನು ಗೆರೆ ಹಾಕಿ ಗುರುತಿಸಿ, ಅದರೊಳಗಿನ ಹಿಂಡುಗಳಿಗೆ ಮಾತ್ರ ಲಸಿಕೆ, ಗುರುತಿನ ಓಲೆ ಮತ್ತು ರಕ್ತಪರೀಕ್ಷೆಯ ಕಟ್ಟುಪಾಡು ವಿಧಿಸಲಾಗಿದೆ. ರೋಗ ಕಂಡ ಹಿಂಡನ್ನು ಪೂರ್ತಿ ಕೊಲ್ಲದೆ, ಪರೀಕ್ಷೆಯ ಮೇಲೆ ಪರೀಕ್ಷೆ ನಡೆಸಿ ರೋಗಮುಕ್ತವೆಂದು ಖಚಿತವಾಗುವವರೆಗೆ ಪ್ರತ್ಯೇಕವಾಗಿಡಲು ಅವಕಾಶವಿದೆ. ಆದರೂ ಮಾರಾಟವಿಲ್ಲದೆ ತಿಂಗಳುಗಟ್ಟಲೆ ಮೇವು ಹಾಕುವುದು ಸಣ್ಣ ರೈತನಿಗೆ ಭರಿಸಲಾಗದ ಹೊರೆ.

ಇಲ್ಲಿ ಒಂದು ಮುಖ್ಯ ಅಂಶವನ್ನು ಗಮನಿಸಬೇಕು. ಎಲ್ಕ್‌ಗಳು ಕಂದು ಹಾಕುವುದು ಹೆಚ್ಚಾಗಿ ಫೆಬ್ರವರಿಯಿಂದ ಜೂನ್ ಮಧ್ಯದೊಳಗೆ. ಉಳಿದ ತಿಂಗಳುಗಳಲ್ಲಿ ಅವು ದನಗಳ ಜೊತೆಯಲ್ಲೇ ಮೇಯ್ದರೂ ಈ ರೋಗದ ಭಯ ಬಹಳ ಕಡಿಮೆ. ಅಂದರೆ ವರ್ಷವಿಡೀ ಎಲ್ಕ್‌ಗಳನ್ನು ಓಡಿಸುತ್ತಿರುವ ಅಗತ್ಯವಿಲ್ಲ. ಈ ನಾಲ್ಕೈದು ತಿಂಗಳು ಎಲ್ಕ್ ಮತ್ತು ಗಬ್ಬದ ಹಸುಗಳು ಒಂದೆಡೆ ಸೇರದಂತೆ ನೋಡಿಕೊಂಡರೆ ಅಪಾಯದ ಬಹುಪಾಲು ನಿವಾರಣೆಯಾಗುತ್ತದೆ. ಇಂದಿನ ನಿರ್ವಹಣೆಯ ತಿರುಳು ಇದೇ.

ಮೇವಿನ ತಾಣಗಳು ಕಲಿಸಿದ ಪಾಠ

ಎಲ್ಕ್ ಮತ್ತು ದನಗಳನ್ನು ಬೇರ್ಪಡಿಸುವ ಯೋಚನೆ ಹೊಸದಲ್ಲ. 1910ರ ಆಸುಪಾಸಿನ ಕಠಿಣ ಚಳಿಗಾಲಗಳಲ್ಲಿ ವಯೋಮಿಂಗ್‌ನ ಜಾಕ್ಸನ್ ಕಣಿವೆಯಲ್ಲಿ ಸಾವಿರಾರು ಎಲ್ಕ್‌ಗಳು ಹಸಿವಿನಿಂದ ಸತ್ತವು. ಬದುಕಿದ್ದವು ರೈತರ ಬಣವೆಗಳಿಗೆ ನುಗ್ಗಿದವು. ರೈತರು ಬಣವೆಯನ್ನು ಕಾಯಬೇಕು. ಕಣ್ಣೆದುರಿಗೆ ಸಾಯುವ ಪ್ರಾಣಿಯನ್ನು ನೋಡಲೂ ಆಗದು. ಅವರೂ ಊರಿನವರೂ ಸರ್ಕಾರಕ್ಕೆ ಮೊರೆಯಿಟ್ಟರು. 1912ರಲ್ಲಿ ರಾಷ್ಟ್ರೀಯ ಎಲ್ಕ್ ಆಶ್ರಯಧಾಮ ಸ್ಥಾಪನೆಯಾಯಿತು. ಇಂದು ಸುಮಾರು 24,700 ಎಕರೆ ವಿಸ್ತಾರವಿರುವ ಅಲ್ಲಿ ಚಳಿಗಾಲದಲ್ಲಿ ಮೇವು ಹಾಕುವ ಪದ್ಧತಿ ಬೆಳೆಯಿತು. ಮುಂದೆ ವಯೋಮಿಂಗ್ ರಾಜ್ಯವೂ ತನ್ನ ಪಶ್ಚಿಮ ಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೇವಿನ ತಾಣಗಳನ್ನು ತೆರೆಯಿತು.

ಮೊದಲ ಉದ್ದೇಶ ಈಡೇರಿತು. ಬೆಟ್ಟದ ಬುಡದಲ್ಲೇ ಮೇವು ಸಿಕ್ಕಿದ್ದರಿಂದ ಎಲ್ಕ್‌ಗಳು ರೈತರ ಬಣವೆಗಳತ್ತ ಬರುವುದು ಕಡಿಮೆಯಾಯಿತು. ಆದರೆ ಹರಡಿಕೊಂಡು ಮೇಯಬೇಕಾದ ಪ್ರಾಣಿಗಳು ಒಂದೇ ಸಾಲಿನ ಹುಲ್ಲಿಗೆ ಮೂತಿ ಹಚ್ಚಿ ನಿಲ್ಲತೊಡಗಿದವು. ಒಂದು ಎಲ್ಕ್ ಕಂದು ಹಾಕಿದರೆ ನೂರು ಎಲ್ಕ್ ಅದನ್ನು ಮೂಸುವಂತಾಯಿತು. ಹೀಗೆ ಮೇವಿನ ತಾಣಗಳ ಹಿಂಡುಗಳಲ್ಲಿ ರೋಗ ಬೇರೂರಿತು. ದನಗಳಿಂದ ದೂರವಿಡಲು ಮಾಡಿದ ಏರ್ಪಾಡೇ ರೋಗವನ್ನು ಸಾಕುವ ಏರ್ಪಾಡಾಯಿತು.

1985ರಿಂದ ಈ ತಾಣಗಳಲ್ಲಿ ಎಲ್ಕ್‌ಗಳಿಗೆ ಬಂದೂಕಿನಿಂದ ಲಸಿಕೆಯ ಗುಳಿಗೆ ಹಾರಿಸುವ ಪ್ರಯೋಗ ಬಹುವರ್ಷ ನಡೆಯಿತು. ದನಗಳಲ್ಲಿ ಫಲ ಕೊಟ್ಟ ಆ ಲಸಿಕೆ ಎಲ್ಕ್‌ಗಳಲ್ಲಿ ನಿರೀಕ್ಷಿಸಿದಷ್ಟು ರಕ್ಷಣೆ ಕೊಡಲಿಲ್ಲ. ಕೊನೆಗೆ ಅದನ್ನು ಕೈಬಿಡಲಾಯಿತು. ಅದಕ್ಕಿಂತ ಸರಳವಾದ ಎರಡು ಕ್ರಮಗಳು ಹೆಚ್ಚು ಉಪಯುಕ್ತವಾದವು. ಮೊದಲನೆಯದು, ಹುಲ್ಲನ್ನು ಸಾಲಾಗಿ ಹಾಕದೆ ವಿಶಾಲ ಪ್ರದೇಶದಲ್ಲಿ ಅಲ್ಲಲ್ಲಿ ಚಿಕ್ಕ ಗುಡ್ಡೆಗಳಾಗಿ ಹರಡುವುದು. ಇದರಿಂದ ಒಂದು ಕಂದಿನ ಬಳಿಗೆ ಬರುವ ಎಲ್ಕ್‌ಗಳ ಸಂಖ್ಯೆ ಬಹಳ ಇಳಿಯುತ್ತದೆ. ನರಿ, ಕಾಗೆ, ಹದ್ದುಗಳನ್ನು ಓಡಿಸದೆ ಬಿಟ್ಟರೆ ಅವು ಕಂದನ್ನು ಬೇಗ ತಿಂದು ನೆಲ ಚೊಕ್ಕಟ ಮಾಡುತ್ತವೆ. ಎರಡನೆಯದು, ವಸಂತದಲ್ಲಿ ಸಾಧ್ಯವಾದಷ್ಟು ಬೇಗ ಮೇವು ಹಾಕುವುದನ್ನು ನಿಲ್ಲಿಸಿ ಎಲ್ಕ್‌ಗಳು ತಾವಾಗಿ ಚದುರುವಂತೆ ಮಾಡುವುದು.

ಈಗ ಇನ್ನೂ ದೊಡ್ಡ ಭಯವೊಂದು ಎದುರಾಗಿದೆ. ಜಿಂಕೆಗಳ ಮಿದುಳಿಗೆ ತಗಲಿ, ಸೊರಗಿಸಿ ಕೊಲ್ಲುವ ಕ್ಷಯಿಸುವ ರೋಗವೊಂದು 1967ರಲ್ಲಿ ಕೊಲರಾಡೊ ರಾಜ್ಯದಲ್ಲಿ ಮೊದಲು ಗಮನಕ್ಕೆ ಬಂದಿತ್ತು. ಇದಕ್ಕೆ ಲಸಿಕೆಯೂ ಇಲ್ಲ, ಚಿಕಿತ್ಸೆಯೂ ಇಲ್ಲ. ರೋಗಕಾರಕ ವಸ್ತು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮೇಯುವ ದನಗಳಿಗೆ ಇದು ಹರಡಿದ ನಿದರ್ಶನವಿಲ್ಲವಾದರೂ ಎಲ್ಕ್‌ಗಳಿಗೆ ಮಾರಕ. 2024-25ರ ಚಳಿಗಾಲದಲ್ಲಿ ವಯೋಮಿಂಗ್‌ನ ಮೇವಿನ ತಾಣಗಳಲ್ಲೇ ಈ ರೋಗದ ಎಲ್ಕ್‌ಗಳು ಸಿಕ್ಕಿವೆ. ಮೇವು ಹಾಕುವುದನ್ನು ಮುಂದುವರಿಸಿದರೆ ಈ ರೋಗ ಹೆಚ್ಚುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಹಸಿದ ಎಲ್ಕ್‌ಗಳು ರೈತರ ಕೊಟ್ಟಿಗೆಗೆ ನುಗ್ಗುತ್ತವೆ. ನೂರು ವರ್ಷದ ಅಭ್ಯಾಸವನ್ನು ಒಂದು ವರ್ಷದಲ್ಲಿ ಬಿಡಿಸಲಾಗದು. ಆದ್ದರಿಂದ ಕ್ರಮೇಣ ತಗ್ಗಿಸುವ ಮಾರ್ಗವನ್ನು ಹುಡುಕಲಾಗುತ್ತಿದೆ.

ಬಣವೆಯ ರಕ್ಷಣೆ ಮತ್ತು ಬೇಲಿ

ಇಡೀ ಜಮೀನಿಗೆ ಎಲ್ಕ್ ದಾಟದಂಥ ಬೇಲಿ ಹಾಕುವುದು ಬಹಳ ದುಬಾರಿ. ಅದರಿಂದ ಎಲ್ಕ್‌ಗಳು ಪಕ್ಕದವನ ಹೊಲಕ್ಕೆ ತಿರುಗುತ್ತವೆಯೇ ಹೊರತು ತೊಂದರೆ ತಪ್ಪುವುದಿಲ್ಲ. ಬದಲಾಗಿ ಬಣವೆಗಳನ್ನೆಲ್ಲ ಒಂದೇ ಕಡೆ ಒಟ್ಟಿ, ಅದರ ಸುತ್ತ ಮಾತ್ರ ಎತ್ತರದ ಬೇಲಿ ಹಾಕುವುದು ಲಾಭದಾಯಕ. ಹೆಣೆದ ತಂತಿಯ ಜಾಲರಿಯಿಂದ 8 ಅಡಿ ಎತ್ತರಕ್ಕೆ ಹಾಕಿದ ಬೇಲಿಯನ್ನು ಎಲ್ಕ್ ಸಾಮಾನ್ಯವಾಗಿ ಹಾರುವುದಿಲ್ಲ. ಬಣವೆಗೂ ಬೇಲಿಗೂ ನಡುವೆ ಅಂತರವಿರಬೇಕು. ಇಲ್ಲದಿದ್ದರೆ ಬೇಲಿಗೆ ಒತ್ತಿ ನಿಂತು ಹುಲ್ಲು ಎಳೆಯುತ್ತವೆ. ಬಾಗಿಲೂ ಬೇಲಿಯಷ್ಟೇ ಎತ್ತರವಿರಬೇಕು. ಬೇಲಿಯ ಬುಡದಲ್ಲಿ ಹಿಮ ಗುಡ್ಡೆಯಾದರೆ ಅದೇ ಮೆಟ್ಟಿಲಾಗುತ್ತದೆ, ಆಗಾಗ್ಗೆ ತೆಗೆಯಬೇಕು. ಹಲವು ರಾಜ್ಯಗಳಲ್ಲಿ ಇಂಥ ಬೇಲಿಯ ಸಾಮಗ್ರಿಯನ್ನು ವನ್ಯಜೀವಿ ಇಲಾಖೆ ಒದಗಿಸುತ್ತದೆ. ಒಮ್ಮೆ ಹಾಕಿದ ಬೇಲಿ ವರ್ಷಾನುಗಟ್ಟಲೆ ಬಾಳುವುದರಿಂದ ಪ್ರತಿ ವರ್ಷ ಪರಿಹಾರ ಕೊಡುವುದಕ್ಕಿಂತ ಇದು ಇಲಾಖೆಗೂ ಅಗ್ಗ.

ಹುಲ್ಲುಗಾವಲಿನ ಬೇಲಿಯ ವಿಚಾರ ಬೇರೆ. ಅದು ದನವನ್ನು ತಡೆಯಬೇಕು, ಎಲ್ಕ್ ಅನ್ನು ದಾಟಲು ಬಿಡಬೇಕು. ಬಿಡದಿದ್ದರೆ ಅದು ಮುರಿದುಕೊಂಡು ಹೋಗುತ್ತದೆ ಇಲ್ಲವೆ ಸಿಕ್ಕಿಬಿದ್ದು ಸಾಯುತ್ತದೆ. ಯೂಟಾ ಮತ್ತು ಕೊಲರಾಡೊ ರಾಜ್ಯಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸರಾಸರಿ ನಾಲ್ಕು ಕಿಲೋಮೀಟರ್ ಬೇಲಿಗೆ ವರ್ಷಕ್ಕೆ ಒಂದರಂತೆ ಕಾಡಿನ ಗೊರಸು ಪ್ರಾಣಿಗಳು ಸಾಯುತ್ತಿರುವುದು ಕಂಡುಬಂತು. ಇಂಥ ಬೇಲಿಗೆ ಅಲ್ಲಿ ಶಿಫಾರಸು ಮಾಡುವ ಕ್ರಮ ಹೀಗಿದೆ:

ಮೇಲಿನ ತಂತಿ ನೆಲದಿಂದ 40ರಿಂದ 42 ಅಂಗುಲಕ್ಕಿಂತ ಎತ್ತರವಿರಬಾರದು. ಇದರಿಂದ ಬಲಿತ ಎಲ್ಕ್ ಸುಲಭವಾಗಿ ಹಾರುತ್ತದೆ.

ಮೇಲಿನ ಎರಡು ತಂತಿಗಳ ನಡುವೆ 12 ಅಂಗುಲ ಅಂತರವಿರಬೇಕು. ಕಡಿಮೆಯಾದರೆ ಹಾರುವಾಗ ಹಿಂಗಾಲು ಅವುಗಳ ನಡುವೆ ತಿರುಚಿ ಸಿಕ್ಕಿಕೊಳ್ಳುತ್ತದೆ.

ಕೆಳಗಿನ ತಂತಿ ನೆಲದಿಂದ ಕನಿಷ್ಠ 16 ಅಂಗುಲ ಮೇಲಿರಬೇಕು. ಮರಿಗಳು ಅದರಡಿ ನುಸುಳುತ್ತವೆ.

ಮೇಲಿನ ಮತ್ತು ಕೆಳಗಿನ ತಂತಿಗಳು ಮುಳ್ಳಿಲ್ಲದ ನಯ ತಂತಿಯಾಗಿರಬೇಕು. ನಡುವಿನವು ಮುಳ್ಳುತಂತಿಯಾದರೂ ಅಡ್ಡಿಯಿಲ್ಲ.

ಎಲ್ಕ್‌ಗಳು ಪ್ರತಿ ವರ್ಷ ದಾಟುವ ಜಾಗ ರೈತನಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿ ಕೆಲವು ರೈತರು ಮಲಗಿಸುವ ಬೇಲಿ ಹಾಕುತ್ತಾರೆ. ದನಗಳು ಆ ಭಾಗದಲ್ಲಿಲ್ಲದ ತಿಂಗಳುಗಳಲ್ಲಿ ಕೊಂಡಿ ಬಿಚ್ಚಿ ತಂತಿಗಳನ್ನು ನೆಲಕ್ಕೆ ಮಲಗಿಸಿ, ದನ ಬಿಡುವ ಮೊದಲು ಮತ್ತೆ ಎತ್ತಿ ಕಟ್ಟುತ್ತಾರೆ. ದುರಸ್ತಿಯ ಖರ್ಚು ಇದರಿಂದ ಉಳಿಯುತ್ತದೆ.

ಮೇಯಿಸುವ ಕ್ರಮದಲ್ಲಿ ಹೊಂದಾಣಿಕೆ

ಎಲ್ಕ್ ಮತ್ತು ದನಗಳ ಸಂಬಂಧ ಬರೀ ಪೈಪೋಟಿಯದಲ್ಲ ಎಂಬುದನ್ನು ಪ್ರಯೋಗಗಳು ತೋರಿಸಿವೆ. ಆರಿಗನ್ ರಾಜ್ಯದ ಸ್ಟಾರ್ಕಿ ಪ್ರಾಯೋಗಿಕ ಅರಣ್ಯದಲ್ಲಿ ಸುಮಾರು 25,000 ಎಕರೆಗೆ 8 ಅಡಿ ಬೇಲಿ ಹಾಕಿ, 1989ರಿಂದ ಎಲ್ಕ್, ಜಿಂಕೆ ಮತ್ತು ದನಗಳ ಓಡಾಟವನ್ನು ರೇಡಿಯೋ ಕೊರಳಪಟ್ಟಿಗಳ ಮೂಲಕ ಅಭ್ಯಸಿಸಲಾಗಿದೆ. ದನಗಳನ್ನು ಬಿಟ್ಟ ಕಡೆಯಿಂದ ಎಲ್ಕ್‌ಗಳು ಸರಿದುಹೋಗುವುದು, ವಾಹನ ಓಡಾಡುವ ರಸ್ತೆಗಳಿಂದ ದೂರವಿರುವುದು ಅಲ್ಲಿ ಸ್ಪಷ್ಟವಾಗಿದೆ. ದನಗಳನ್ನು ಎಲ್ಲಿ, ಯಾವಾಗ ಬಿಡಬೇಕೆಂಬುದರ ಮೂಲಕವೇ ಎಲ್ಕ್‌ಗಳ ಮೇಯುವ ಜಾಗವನ್ನು ಸ್ವಲ್ಪಮಟ್ಟಿಗೆ ಬದಲಿಸಬಹುದೆಂದು ಇದರಿಂದ ತಿಳಿಯುತ್ತದೆ.

ಅದೇ ರಾಜ್ಯದ ಬ್ರಿಡ್ಜ್ ಕ್ರೀಕ್ ಎಂಬಲ್ಲಿನ ಅನುಭವ 1975ರಲ್ಲಿ ಪ್ರಕಟವಾಯಿತು. ಅಲ್ಲಿನ ವನ್ಯಜೀವಿ ಪ್ರದೇಶದಲ್ಲಿ ವಸಂತಕಾಲದಲ್ಲಿ ದನಗಳನ್ನು ಮೇಯಿಸಿ, ತೆನೆ ಹೊರಡುವ ಮೊದಲೇ ಹೊರಗೆ ಹೊಡೆದರು. ಮತ್ತೆ ಚಿಗುರಿದ ಹುಲ್ಲು ಬಲಿತು ಒರಟಾಗದೆ ಎಳಸಿನಲ್ಲೇ ಒಣಗಿ ಸಾರ ಉಳಿಸಿಕೊಂಡಿತು. ಹಳೆಯ ಒರಟು ಹುಲ್ಲಿಗಿಂತ ಇದು ರುಚಿಯಾದ್ದರಿಂದ ಚಳಿಗಾಲದಲ್ಲಿ ಎಲ್ಕ್‌ಗಳು ಅಲ್ಲಿಗೆ ಬಂದು ನೆಲೆಸಿದವು. ಅಂದರೆ ಸರ್ಕಾರದ ಹುಲ್ಲುಗಾವಲನ್ನು ಸರಿಯಾದ ಕಾಲದಲ್ಲಿ ದನಗಳಿಂದ ಮೇಯಿಸಿದರೆ ಎಲ್ಕ್‌ಗಳಿಗೆ ಅಲ್ಲೇ ಒಳ್ಳೆಯ ಮೇವಾಗುತ್ತದೆ. ಅವು ಖಾಸಗಿ ಜಮೀನಿಗೆ ಇಳಿಯುವ ಅಗತ್ಯ ಅಷ್ಟರಮಟ್ಟಿಗೆ ತಗ್ಗುತ್ತದೆ.

ರೋಗದ ಅಪಾಯವಿರುವ ಕಡೆ ಪಶುಪಾಲಕರು ಈ ಕ್ರಮಗಳನ್ನು ಅನುಸರಿಸುತ್ತಾರೆ: ಗಬ್ಬದ ಹಸು ಮತ್ತು ಕಡಸುಗಳನ್ನು ಫೆಬ್ರವರಿಯಿಂದ ಜೂನ್‌ವರೆಗೆ ಮನೆಯ ಸಮೀಪದ, ಎಲ್ಕ್ ಬಾರದ ಕಾವಲಿನಲ್ಲಿಡುವುದು, ಎಲ್ಕ್‌ಗಳು ಕಂದು ಹಾಕಿರಬಹುದಾದ ಹುಲ್ಲುಗಾವಲಿಗೆ ಜೂನ್ ಮಧ್ಯದ ನಂತರವೇ ದನ ಬಿಡುವುದು, ಅದಕ್ಕೆ ಮೊದಲು ಬಿಡಲೇಬೇಕಾದರೆ ಗಬ್ಬವಾಗದ, ಬೀಜ ಒಡೆಸಿದ ಹೋರಿಗಳನ್ನು ಮಾತ್ರ ಬಿಡುವುದು, ಹೆಣ್ಣುಕರುಗಳಿಗೆ 4ರಿಂದ 12 ತಿಂಗಳೊಳಗೆ ಲಸಿಕೆ ಹಾಕಿಸುವುದು, ಎಲ್ಕ್‌ಗಳು ಹಿಂಡಿನ ಬಳಿ ಸುಳಿದರೆ ಕುದುರೆಯ ಮೇಲೆ ಹೋಗಿ ಮೆಲ್ಲಗೆ ಬೇರೆಡೆಗೆ ಅಟ್ಟುವುದು.

ಬೇಟೆ ಮತ್ತು ಓಡಿಸುವಿಕೆ

ಗರ್ನಾಲು, ನಾಯಿ, ಬೆದರುಬೊಂಬೆಗಳಿಗೆ ಎಲ್ಕ್ ಕೆಲವೇ ದಿನ ಅಂಜುತ್ತದೆ. ಪ್ರಾಣಾಪಾಯವಿಲ್ಲವೆಂದು ಅರಿತ ಮೇಲೆ ಶಬ್ದಕ್ಕೆ ತಲೆಯನ್ನೂ ಎತ್ತುವುದಿಲ್ಲ. ಆದ್ದರಿಂದ ಓಡಿಸುವ ಕೆಲಸದ ಜೊತೆಗೆ ಅಲ್ಲಿ ಪರವಾನಗಿ ಪಡೆದ ಬೇಟೆಯೂ ಇರುತ್ತದೆ. ಹೆಣ್ಣು ಎಲ್ಕ್‌ಗಳ ಸಂಖ್ಯೆಯನ್ನು ಹಿಡಿತದಲ್ಲಿಡುವುದು, ಮೇಯುವ ಜಾಗ ಬದಲಿಸುವಂತೆ ಮಾಡುವುದು ಇದರ ಉದ್ದೇಶ.

ಆದರೆ ಇತ್ತೀಚಿನ ದಶಕಗಳಲ್ಲಿ ಒಂದು ಹೊಸ ತೊಡಕು ಹುಟ್ಟಿದೆ. ಪೇಟೆಯ ಹಣವಂತರು ದೊಡ್ಡ ದೊಡ್ಡ ರಾಂಚ್‌ಗಳನ್ನು ಕೊಂಡು ಬೇಟೆಗಾರರಿಗೆ ಬಾಗಿಲು ಮುಚ್ಚುತ್ತಾರೆ. ಎಲ್ಕ್‌ಗಳು ಬೇಟೆಯ ಕಾಲದಲ್ಲಿ ಅಲ್ಲಿ ಅಡಗಿದ್ದು, ರಾತ್ರಿ ಪಕ್ಕದ ರೈತನ ಹೊಲ ಮೇಯುತ್ತವೆ. ಒಬ್ಬನ ಆಶ್ರಯ ಇನ್ನೊಬ್ಬನ ನಷ್ಟವಾಗುತ್ತದೆ. ಇದಕ್ಕಾಗಿ ಮೊಂಟಾನಾ ರಾಜ್ಯ 1985ರಲ್ಲಿ ಒಂದು ಯೋಜನೆ ಪ್ರಾರಂಭಿಸಿತು. ಸಾರ್ವಜನಿಕ ಬೇಟೆಗಾರರಿಗೆ ಅವಕಾಶ ಕೊಡುವ ಜಮೀನುದಾರರಿಗೆ ಅದರಡಿ ಹಣ ಮತ್ತು ಮೇಲ್ವಿಚಾರಣೆಯ ನೆರವು ಸಿಗುತ್ತದೆ. ಅಕ್ಕಪಕ್ಕದ ಜಮೀನುದಾರರು ಒಟ್ಟಾಗಿ ಸೇರಿದಲ್ಲಿ ಮಾತ್ರ ಇಂಥ ಯೋಜನೆ ಫಲಿಸುತ್ತದೆ.

ತೋಳಗಳು ಈ ಕೆಲಸ ಮಾಡಲಾರವೆ ಎಂದು ಕೆಲವರು ಕೇಳಬಹುದು. 1995 ಮತ್ತು 1996ರಲ್ಲಿ ಕೆನಡಾದಿಂದ ತಂದ 31 ತೋಳಗಳನ್ನು ಯೆಲ್ಲೋಸ್ಟೋನ್‌ನಲ್ಲಿ ಬಿಡಲಾಯಿತು. ಉದ್ಯಾನದ ಉತ್ತರದ ಹಿಂಡಿನಲ್ಲಿ 1994ರಲ್ಲಿ ಸುಮಾರು 19,000 ಇದ್ದ ಎಲ್ಕ್‌ಗಳು 2013ರಲ್ಲಿ ಎಣಿಸಿದಾಗ 4,000ಕ್ಕೂ ಕಡಿಮೆಯಾಗಿದ್ದವು. ಬೇಟೆ, ಕರಡಿ, ಚಿರತೆಯಂಥ ಪೂಮಾ, ಬರಗಾಲ ಎಲ್ಲವೂ ಇದರಲ್ಲಿ ಪಾಲು ಪಡೆದಿವೆ. ಆದರೆ ಕಣಿವೆಯ ಖಾಸಗಿ ಜಮೀನುಗಳಲ್ಲಿ ಎಲ್ಕ್‌ಗಳು ಹಲವೆಡೆ ಹೆಚ್ಚೇ ಆದವು. ತೋಳ ದನಕ್ಕೂ ಬಾಯಿ ಹಾಕುವುದರಿಂದ ಪಶುಪಾಲಕನಿಗೆ ಅದು ನೆಚ್ಚಿನ ಸಹಾಯಕನಲ್ಲ.

ನಷ್ಟವನ್ನು ಯಾರು ಭರಿಸಬೇಕು?

ಪ್ರಾಣಿ ಎಲ್ಲರದು, ಹುಲ್ಲು ಮಾತ್ರ ಒಬ್ಬನದು. ಈ ಅಸಮಾನತೆಯನ್ನು ಬೇರೆ ಬೇರೆ ರಾಜ್ಯಗಳು ಬೇರೆ ಬೇರೆ ರೀತಿಯಲ್ಲಿ ಸರಿಪಡಿಸಲು ಯತ್ನಿಸಿವೆ.

ವಯೋಮಿಂಗ್ ಮತ್ತು ಕೊಲರಾಡೊ ರಾಜ್ಯಗಳು ಬೆಳೆ ಮತ್ತು ಮೇವಿನ ಹಾನಿಗೆ ನಗದು ಪರಿಹಾರ ಕೊಡುತ್ತವೆ. ವಯೋಮಿಂಗ್‌ನಲ್ಲಿ ಹಾನಿ ಕಂಡ 15 ದಿನಗಳೊಳಗೆ ಇಲಾಖೆಗೆ ತಿಳಿಸಬೇಕು; ಜಮೀನಿನಲ್ಲಿ ಬೇಟೆಗೆ ಅವಕಾಶ ಕೊಟ್ಟಿರಬೇಕು. ಮೊಂಟಾನಾ ನಗದು ಕೊಡದೆ ಬೇಲಿಯ ಸಾಮಗ್ರಿ, ಓಡಿಸುವ ಆಳು, ವಿಶೇಷ ಬೇಟೆಯ ಅನುಮತಿಗಳ ರೂಪದಲ್ಲಿ ನೆರವು ನೀಡುತ್ತದೆ.

ಪರಿಹಾರ ಹಾನಿಯಾದ ಮೇಲೆ ಬರುವಂಥದು. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ 1990ರಲ್ಲಿ ಕೊಲರಾಡೊ ಸ್ಥಳೀಯ ಸಮಿತಿಗಳ ವ್ಯವಸ್ಥೆಯನ್ನು ತಂದಿತು. ಪಶುಪಾಲಕರು, ಬೇಟೆಗಾರರ ಪ್ರತಿನಿಧಿ, ಅರಣ್ಯ ಮತ್ತು ವನ್ಯಜೀವಿ ಇಲಾಖೆಯವರು ಒಂದೇ ಮೇಜಿನ ಸುತ್ತ ಕುಳಿತು, ಯಾವ ಕಣಿವೆಯಲ್ಲಿ ಬೇಲಿ ಬೇಕು, ಎಲ್ಲಿ ಹುಲ್ಲಿಗೆ ಗೊಬ್ಬರ ಹಾಕಿದರೆ ಎಲ್ಕ್ ಅಲ್ಲೇ ನಿಲ್ಲುತ್ತದೆ ಎಂದು ನಿರ್ಧರಿಸುತ್ತಾರೆ. ಬೇಟೆಯ ಪರವಾನಗಿ ಶುಲ್ಕದ ಒಂದು ಭಾಗ ಈ ಕೆಲಸಕ್ಕೆ ಒದಗುತ್ತದೆ.

ಇತ್ತೀಚೆಗೆ ಮತ್ತೊಂದು ವಿಧಾನ ಬಳಕೆಗೆ ಬರುತ್ತಿದೆ. ಯೆಲ್ಲೋಸ್ಟೋನ್‌ನ ಉತ್ತರಕ್ಕಿರುವ ಪ್ಯಾರಡೈಸ್ ಕಣಿವೆಯಲ್ಲಿ ಜಮೀನಿನ ಒಂದು ಭಾಗವನ್ನು ಚಳಿಗಾಲದಲ್ಲಿ ಎಲ್ಕ್‌ಗಳಿಗೇ ಬಿಟ್ಟು, ದನಗಳನ್ನು ಬೇಲಿಯ ಆಚೆಗಿಡುವ ಪಶುಪಾಲಕರಿಗೆ ಸಂರಕ್ಷಣಾ ಸಂಸ್ಥೆಗಳಿಂದ ಹಣ ದೊರೆತಿದೆ. ಹೊಲ ಗುತ್ತಿಗೆಗೆ ಕೊಟ್ಟಂತೆಯೇ ಇದು. ಗುತ್ತಿಗೆದಾರ ಮಾತ್ರ ಎಲ್ಕ್. ತಾನು ನೀಡುವ ಮೇವಿಗೆ ಬೆಲೆ ಸಿಕ್ಕಿದರೆ ಎಲ್ಕ್ ಅನ್ನು ರೈತ ನೋಡುವ ದೃಷ್ಟಿಯೇ ಬದಲಾಗುತ್ತದೆ.

ಈ ಖರ್ಚು ದಂಡವಲ್ಲವೆಂಬುದಕ್ಕೆ ಬಲವಾದ ಕಾರಣವಿದೆ. ನಷ್ಟ ತಾಳಲಾರದೆ ಪಶುಪಾಲಕ ಜಮೀನು ಮಾರಿದರೆ, ಕೊಳ್ಳುವವರು ಅದನ್ನು ಮನೆ ನಿವೇಶನಗಳಾಗಿ ಒಡೆಯುತ್ತಾರೆ. ರಸ್ತೆ, ಮನೆ, ನಾಯಿ, ಬೇಲಿಗಳು ಬಂದ ಮೇಲೆ ಆ ಕಣಿವೆ ಎಲ್ಕ್‌ಗೂ ಇಲ್ಲ, ದನಕ್ಕೂ ಇಲ್ಲ. ಆದ್ದರಿಂದ ಎಲ್ಕ್ ಉಳಿಯಬೇಕೆನ್ನುವವರು ಮೊದಲು ಪಶುಪಾಲಕ ಉಳಿಯುವಂತೆ ನೋಡಿಕೊಳ್ಳಬೇಕಾಗಿದೆ.

ನಮ್ಮ ಪಶುಪಾಲಕರು ಗಮನಿಸಬೇಕಾದ ಅಂಶಗಳು

ಕಂದು ಹಾಕುವ ರೋಗ ನಮ್ಮ ದನ, ಎಮ್ಮೆಗಳಲ್ಲೂ ಇದೆ. ಇಲ್ಲಿ ಅದು ಹರಡುವುದು ಹೆಚ್ಚಾಗಿ ಸಾಕುಪ್ರಾಣಿಗಳಿಂದ ಸಾಕುಪ್ರಾಣಿಗಳಿಗೆ. ಕಾಡಿಗೆ ದಾಟಿದ ರೋಗವನ್ನು ನೂರು ವರ್ಷವಾದರೂ ಹಿಂದಕ್ಕೆ ಪಡೆಯಲಾಗಲಿಲ್ಲವೆಂಬ ಅಮೆರಿಕದ ಅನುಭವ, ಕೊಟ್ಟಿಗೆಯಲ್ಲೇ ಅದನ್ನು ತಡೆಯಬೇಕೆಂದು ಎಚ್ಚರಿಸುತ್ತದೆ. ಕಾಡಿನ ಅಂಚಿನಲ್ಲಿ ದನ ಮೇಯಿಸುವವರಿಗೆ ಈ ಎಚ್ಚರ ಹೆಚ್ಚು ಬೇಕು.

1. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಕರುಗಳಿಗೆ ಲಸಿಕೆ ಹಾಕಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದು ಸೇರಿದೆ. ಗಬ್ಬದ ಹಸುಗಳಿಗೆ ಮತ್ತು ಗಂಡುಕರುಗಳಿಗೆ ಈ ಲಸಿಕೆ ಹಾಕಿಸಬಾರದು.

2. ಹಾಕಿದ ಕಂದು ಮತ್ತು ಕಸವನ್ನು ಬರಿಗೈಯಿಂದ ಮುಟ್ಟಬಾರದು. ಹಳ್ಳಕ್ಕೆ, ತಿಪ್ಪೆಗೆ ಎಸೆಯಬಾರದು. ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

3. ಕಂದು ಹಾಕಿದ ಹಸುವನ್ನು ಬೇರೆ ಕಟ್ಟಿ, ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಬೇಕು. ಹಾಲನ್ನು ಕುದಿಸದೆ ಬಳಸಬಾರದು.

4. ಹೊಸದಾಗಿ ಕೊಂಡ ಹಸುವನ್ನು ಪರೀಕ್ಷೆ ಮಾಡಿಸದೆ ಹಿಂಡಿಗೆ ಸೇರಿಸಬಾರದು.

ಎಲ್ಕ್ ಮತ್ತು ಪಶುಪಾಲಕರ ನಡುವಣ ತಕರಾರಿಗೆ ಒಂದೇ ಮದ್ದು ಯಾವ ರಾಜ್ಯಕ್ಕೂ ಸಿಕ್ಕಿಲ್ಲ. ಹೊಟ್ಟೆ ತುಂಬ ಮೇವು ಹಾಕಿದ್ದು ರೋಗ ತಂದಿತು; ಬರೀ ಬೇಟೆ, ಬರೀ ಬೇಲಿ, ಬರೀ ಪರಿಹಾರ ಯಾವುದೂ ಪೂರ್ತಿ ಸಾಕಾಗಲಿಲ್ಲ. ಅಪಾಯದ ತಿಂಗಳುಗಳಲ್ಲಿ ಎಲ್ಕ್ ಮತ್ತು ದನಗಳನ್ನು ಬೇರೆಯಾಗಿಡುವುದು, ಬಣವೆಯನ್ನು ಭದ್ರವಾಗಿಡುವುದು, ಉಳಿದ ಕಾಲದಲ್ಲಿ ದಾರಿ ಬಿಡುವುದು, ಅದರ ವೆಚ್ಚವನ್ನು ಎಲ್ಲರೂ ಹಂಚಿಕೊಳ್ಳುವುದು, ಈ ನಾಲ್ಕೂ ಕೂಡಿದ ಕಡೆಗಳಲ್ಲಿ ಹಾನಿ ಸಹಿಸಬಹುದಾದ ಮಟ್ಟಕ್ಕೆ ಇಳಿದಿದೆ.